ಬಣ್ಣ ಹಚ್ಚಿದ ಗಿನ್ನೆಸ್, ಬಣ್ಣ ಒರೆಸಿದ ಗಿನ್ನೆಸ್

(ಇಂಗ್ಲಿಷ್ ನಟ ಅಲೆಕ್ ಗಿನ್ನೆಸ್ ಬಗ್ಗೆ ಸಿನಿಮಾ ಆಸಕ್ತರ ಸಣ್ಣ ಕೂಟವೊಂದರಲ್ಲಿ ಆಡಿದ ಮಾತಿನ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಬಿಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮಳೆ ಬರುವ ಹಾಗಿದೆ, ಆದರೂ ಇಷ್ಟು ಜನ ಬಂದಿದ್ದೀರಿ. ಖುಷಿಯಾಯಿತು. ಒಂದೆರಡು ದೃಶ್ಯ ತೋರಿಸಬೇಕು ಅಂತ ಪೆನ್‌ಡ್ರೈವ್ ತಂದಿದ್ದೆ. ಪ್ರೊಜೆಕ್ಟರ್ ಕೈಕೊಟ್ಟಿದೆ. ಹಾಗಾಗಿ ಬಾಯಲ್ಲೇ ತೋರಿಸುತ್ತೇನೆ, ಸಹಿಸಿಕೊಳ್ಳಿ.

ನಾನು ಮಾಗಡಿ ಕಡೆಯವನು. ನಮಗೆ ಸಾವನದುರ್ಗ ಅಂದರೆ ಬೆಟ್ಟ, ತಪ್ಪಲಿನ ವೀರಭದ್ರಸ್ವಾಮಿ, ನರಸಿಂಹಸ್ವಾಮಿ, ಅಷ್ಟೇ. ಆ ಬಂಡೆ ಇಂಗ್ಲಿಷ್ ಸಿನಿಮಾವೊಂದರಲ್ಲಿ ಬಿಹಾರದ ಗುಡ್ಡದ ವೇಷ ಹಾಕಿದೆ ಅಂತ ನನಗೆ ಗೊತ್ತಾದಾಗ ಇಪ್ಪತ್ತು ದಾಟಿತ್ತು. ನಿರ್ದೇಶಕ ಡೇವಿಡ್ ಲೀನ್ ಅವರ ‘ಎ ಪ್ಯಾಸೇಜ್ ಟು ಇಂಡಿಯಾ’, 1984. ಇ.ಎಂ. ಫಾರ್ಸ್ಟರ್ ಕಾದಂಬರಿಯಲ್ಲಿ ಬರುವ ಮರಬಾರ್ ಗುಹೆಗಳಿಗೆ ಮೂಲ ಬಿಹಾರದ ಬರಾಬರ್ ಗುಹೆಗಳು. ಲೀನ್ ಆ ದೃಶ್ಯಗಳನ್ನು ತೆಗೆದದ್ದು ನಮ್ಮ ಸಾವನದುರ್ಗದಲ್ಲಿ, ರಾಮನಗರದ ರಾಮದೇವರ ಬೆಟ್ಟದ ಕಡೆ. ಕಥೆಯ ಊರಿನ ಪೇಟೆಬೀದಿಯ ಸೆಟ್ ಎದ್ದದ್ದು ಬೆಂಗಳೂರಿನ ಅರಮನೆ ಮೈದಾನದಲ್ಲಿ.

ನಮ್ಮ ಬೆಟ್ಟ ಎಲ್ಲಿ ಬರುತ್ತೆ ಅಂತ ನೋಡುತ್ತಾ ಕೂತವನಿಗೆ ನಡುವೆ ಒಬ್ಬ ಮುದುಕ ಕಣ್ಣಿಗೆ ಬಿದ್ದ. ಪ್ರೊಫೆಸರ್ ಗೋಡ್ಬೋಲೆ. ದಖ್ಖನ್ನಿನ ಬ್ರಾಹ್ಮಣ, ತಲೆಗೆ ಪೇಟ, ಮುಖಕ್ಕೆ ಕಂದು ಬಣ್ಣ. ಏನೋ ಕಸಿವಿಸಿ. ಈ ಮನುಷ್ಯ ನಮ್ಮವನಲ್ಲ ಅಂತ ಮೈ ಹೇಳುತ್ತಿತ್ತು. ಕೊನೆಗೆ ಹೆಸರುಗಳ ಪಟ್ಟಿ ನೋಡಿದರೆ, ಅಲೆಕ್ ಗಿನ್ನೆಸ್. ಅರೆ, ಇವರು ‘ಸ್ಟಾರ್ ವಾರ್ಸ್’ನ ಗಡ್ಡದ ತಾತ ಅಲ್ವಾ? ಅಲ್ಲಿಂದ ಶುರುವಾಯಿತು ನನ್ನ ಹುಚ್ಚು. ಅವರ ಸಿನಿಮಾ ಒಂದೊಂದಾಗಿ ಹುಡುಕಿ ನೋಡಿದೆ. ಪ್ರತಿ ಸಲವೂ ಮೊದಲ ಐದು ನಿಮಿಷ ‘ಇವರಲ್ಲಿ ಗಿನ್ನೆಸ್ ಯಾರು’ ಅಂತ ತಡಕಾಡುವುದೇ ಕೆಲಸ.

ಇವತ್ತು ನಾನು ಹೇಳಬೇಕು ಅಂದುಕೊಂಡಿರುವುದು ಒಂದೇ ವಿಷಯ. ಗಿನ್ನೆಸ್ ಅಂದ ಕೂಡಲೇ ಎಲ್ಲರೂ ವೇಷಗಳ ಲೆಕ್ಕ ಹೇಳುತ್ತಾರೆ. ಒಂದೇ ಚಿತ್ರದಲ್ಲಿ ಎಂಟು ಪಾತ್ರ, ಹಾಗೆ ಹೀಗೆ. ನನ್ನ ಪ್ರಕಾರ ಅವರ ದೊಡ್ಡ ಕೆಲಸ ನಡೆದದ್ದು ಅವರು ಬಣ್ಣ ಒರೆಸುತ್ತಾ ಹೋದಾಗ. ಹಚ್ಚಿದಾಗ ಜಾಣ ನಟ. ಒರೆಸಿದಾಗ ಬೇರೆಯೇ ಮನುಷ್ಯ.

ಹುಟ್ಟಿದ್ದು 1914ರ ಏಪ್ರಿಲ್ 2, ಲಂಡನ್‌ನಲ್ಲಿ. ಜನನಪತ್ರದಲ್ಲಿ ತಾಯಿಯ ಹೆಸರಿದೆ, ತಂದೆಯ ಜಾಗ ಖಾಲಿ. ತಂದೆ ಯಾರು ಅಂತ ಅವರಿಗೆ ಕೊನೆವರೆಗೂ ಖಚಿತವಾಗಿ ತಿಳಿಯಲಿಲ್ಲ. ಶಾಲೆಯ ಫೀಸು ಕಟ್ಟುತ್ತಿದ್ದ ಒಬ್ಬ ಬ್ಯಾಂಕ್ ಅಧಿಕಾರಿ ಇದ್ದರು, ಅವರೇ ಇರಬಹುದು ಎಂಬ ಗುಮಾನಿ ಇತ್ತು. ತಾಯಿ ನಡುವೆ ಒಬ್ಬ ಸೇನಾಧಿಕಾರಿಯನ್ನು ಮದುವೆಯಾದರು. ಆಗ ಹುಡುಗನ ಹೆಸರೂ ಬದಲಾಯಿತು. ಹದಿನಾಲ್ಕರ ಹೊತ್ತಿಗೆ ‘ನಿನ್ನ ನಿಜವಾದ ಹೆಸರು ಗಿನ್ನೆಸ್’ ಅಂತ ಹೇಳಿದರಂತೆ. ಇದನ್ನು ಹಿಡಿದುಕೊಂಡು ‘ಅದಕ್ಕೇ ಅವರು ನಟರಾದರು’ ಅಂತ ಬರೆಯುವವರಿದ್ದಾರೆ. ಅಷ್ಟು ಸುಲಭ ಅಂತ ನನಗನ್ನಿಸುವುದಿಲ್ಲ. ತಂದೆ ಯಾರೆಂದು ತಿಳಿಯದ ಎಷ್ಟೋ ಜನ ಗುಮಾಸ್ತರಾಗಿದ್ದಾರೆ. ಗಿನ್ನೆಸ್ ಕೂಡ ಮೊದಲು ಜಾಹೀರಾತು ಕಂಪನಿಯಲ್ಲಿ ಒಕ್ಕಣೆ ಬರೆಯುವ ಕೆಲಸಕ್ಕೇ ಸೇರಿದ್ದರು.

ನಟನೆ ಕಲಿಯಬೇಕು ಅನ್ನಿಸಿದಾಗ ಆ ಕಾಲದ ದೊಡ್ಡ ರಂಗನಟ ಜಾನ್ ಗಿಲ್ಗುಡ್ ಅವರನ್ನು ಸಲಹೆ ಕೇಳಿದರು. ಅವರು ಮಾರ್ಟಿಟಾ ಹಂಟ್ ಎಂಬ ನಟಿಯ ಹೆಸರು ಹೇಳಿದರು. ಆಕೆ ಒಂದಷ್ಟು ಪಾಠ ಮಾಡಿ, ನಿನ್ನಿಂದ ಇದು ಆಗುವುದಿಲ್ಲ ಅಂತ ಕೈಚೆಲ್ಲಿದರು. ಆಮೇಲೆ ಮನಸ್ಸು ಬದಲಾಯಿಸಿ ಕಲಿಸಿದರು ಅನ್ನಿ. ಮುಂದೆ 1946ರಲ್ಲಿ ಗಿನ್ನೆಸ್ ಮೊದಲ ದೊಡ್ಡ ಸಿನಿಮಾ ಪಾತ್ರ ಮಾಡಿದ ‘ಗ್ರೇಟ್ ಎಕ್ಸ್‌ಪೆಕ್ಟೇಷನ್ಸ್’ನಲ್ಲಿ, ಮದುವೆ ಮುರಿದ ದಿನದ ಸೀರೆ ಬಿಚ್ಚದೆ ಅಂತಾರಲ್ಲ, ಹಾಗೆ ಮದುವೆಯ ಗೌನ್‌ನಲ್ಲೇ ಮುದುಕಿಯಾದ ಮಿಸ್ ಹ್ಯಾವಿಶ್ಯಾಮ್ ಆಗಿ ಬರುವುದು ಇದೇ ಮಾರ್ಟಿಟಾ ಹಂಟ್. ಗುರು ಶಿಷ್ಯ ಒಂದೇ ಚಿತ್ರದಲ್ಲಿ.

1934ರಲ್ಲಿ ರಂಗಕ್ಕೆ ಬಂದರು. ಆ ವರ್ಷವೇ ಒಂದು ನಾಟಕದಲ್ಲಿ ಮೂರು ಚಿಲ್ಲರೆ ಪಾತ್ರ. ಅದೇ ವರ್ಷ ಗಿಲ್ಗುಡ್ ತಮ್ಮ ‘ಹ್ಯಾಮ್ಲೆಟ್’ನಲ್ಲಿ ಆಸ್ರಿಕ್ ಪಾತ್ರ ಕೊಟ್ಟರು. ನಾಲ್ಕೇ ವರ್ಷಕ್ಕೆ, 1938ರಲ್ಲಿ, ಓಲ್ಡ್ ವಿಕ್ ರಂಗಮಂದಿರದಲ್ಲಿ ಟೈರನ್ ಗತ್ರಿ ಆಡಿಸಿದ ‘ಹ್ಯಾಮ್ಲೆಟ್’ಗೆ ಇವರೇ ಹ್ಯಾಮ್ಲೆಟ್. ಅದೂ ರಾಜರ ಕಾಲದ ವೇಷ ಬಿಟ್ಟು, 1938ರ ಜನ ತೊಡುತ್ತಿದ್ದಂಥ ಉಡುಪಿನಲ್ಲಿ.

ಯುದ್ಧ ಬಂತು. ನೌಕಾಪಡೆ ಸೇರಿದರು. 1943ರ ಜುಲೈನಲ್ಲಿ ಮಿತ್ರಪಡೆಗಳು ಸಿಸಿಲಿ ದ್ವೀಪಕ್ಕೆ ಇಳಿದಾಗ ಗಿನ್ನೆಸ್ ಒಂದು ಸೈನಿಕ ದೋಣಿಯ ಕ್ಯಾಪ್ಟನ್. ಸಮಯ ಮುಂದೆ ಹೋಗಿದೆ ಎಂಬ ಸಂದೇಶ ಇವರ ದೋಣಿಗೆ ತಲುಪಲೇ ಇಲ್ಲ. ಎಲ್ಲರಿಗಿಂತ ಮೊದಲೇ ದಡ ಮುಟ್ಟಿಬಿಟ್ಟರು. ತಡವಾಗಿ ಬಂದ ಮೇಲಧಿಕಾರಿ ಇವರನ್ನೇ ತರಾಟೆಗೆ ತೆಗೆದುಕೊಂಡಾಗ, ಲಂಡನ್ ನಾಟಕಗಳಲ್ಲಿ ಎಂಟು ಗಂಟೆಗೆ ಪರದೆ ಅಂದರೆ ಎಂಟಕ್ಕೇ ಏಳುತ್ತದೆ ಸಾರ್, ನೌಕಾಪಡೆ ಅದನ್ನು ಕಲಿಯಬಹುದು ಅನ್ನುವ ಅರ್ಥದ ಮಾತು ಹೇಳಿದೆ ಅಂತ ಗಿನ್ನೆಸ್ ಬರೆದುಕೊಂಡಿದ್ದಾರೆ. ನಮ್ಮ ಕಂಪನಿ ನಾಟಕದವರು ಕೇಳಿದ್ದರೆ ನಗುತ್ತಿದ್ದರು. ಇಲ್ಲಿ ಎಂಟು ಅಂದರೆ ಒಂಬತ್ತೂವರೆ ಅಲ್ವಾ.

ಈಗ ಬಣ್ಣದ ವಿಷಯಕ್ಕೆ ಬರೋಣ.

ಲೀನ್ 1948ರಲ್ಲಿ ‘ಆಲಿವರ್ ಟ್ವಿಸ್ಟ್’ ಮಾಡಲು ಹೊರಟಾಗ, ಪಿಕ್‌ಪಾಕೆಟ್ ಹುಡುಗರ ಯಜಮಾನ ಫ್ಯಾಗಿನ್ ಪಾತ್ರ ನನಗೆ ಕೊಡಿ ಅಂತ ಗಿನ್ನೆಸ್ ಕೇಳಿದರು. ಲೀನ್‌ಗೆ ನಗು. ಲೀನ್ ಅವರದೇ ‘ಗ್ರೇಟ್ ಎಕ್ಸ್‌ಪೆಕ್ಟೇಷನ್ಸ್’ನಲ್ಲಿ ಗಿನ್ನೆಸ್ ಮಾಡಿದ್ದು ತೆಳ್ಳಗಿನ, ಮೃದು ಸ್ವಭಾವದ ಹರ್ಬರ್ಟ್ ಪಾಕೆಟ್. ಇವರು ಎಲ್ಲಿ, ಮುದಿ ಫ್ಯಾಗಿನ್ ಎಲ್ಲಿ. ಒಂದು ಪರೀಕ್ಷೆ ತೆಗೆದುಕೊಳ್ಳಿ ಅಂದರು ಗಿನ್ನೆಸ್. ಮೇಕಪ್ ಹಾಕಿಕೊಂಡು ಎದುರಿಗೆ ಬಂದು ನಿಂತಾಗ ಲೀನ್ ಮರುಮಾತಾಡದೆ ಒಪ್ಪಿಕೊಂಡರು.

ಮೇಕಪ್ ಮಾಡಿದ್ದು ಸ್ಟುವರ್ಟ್ ಫ್ರೀಬಾರ್ನ್. ಡಿಕನ್ಸ್ ಕಾದಂಬರಿಗೆ ಹಿಂದೆ ಕ್ರೂಕ್‌ಶ್ಯಾಂಕ್ ಬಿಡಿಸಿದ್ದ ಚಿತ್ರಗಳನ್ನು ಮುಂದಿಟ್ಟುಕೊಂಡು ಮಾಡಿದ ಕೆಲಸ. ಕೈಚಳಕ ಅದ್ಭುತ. ಆದರೆ ಆ ಉದ್ದನೆಯ ಕೊಕ್ಕೆ ಮೂಗು ಯಹೂದಿಗಳನ್ನು ಹಂಗಿಸಲು ತಲೆತಲಾಂತರದಿಂದ ಬರೆದುಕೊಂಡು ಬಂದ ಮೂಗು. ನಾಜಿಗಳ ಸಾವಿನ ಶಿಬಿರಗಳು ಮುಚ್ಚಿ ಮೂರು ವರ್ಷವಾಗಿತ್ತು, ಅಷ್ಟೇ. 1949ರಲ್ಲಿ ಬರ್ಲಿನ್‌ನಲ್ಲಿ ಪ್ರತಿಭಟನೆ ನಡೆಯಿತು. ಅಮೆರಿಕದಲ್ಲಿ ಚಿತ್ರ 1951ರವರೆಗೆ ತೆರೆಗೆ ಬರಲಿಲ್ಲ. ಬಂದಾಗಲೂ ಫ್ಯಾಗಿನ್ ಇರುವ ಎಷ್ಟೋ ಭಾಗಗಳಿಗೆ ಕತ್ತರಿ ಬಿದ್ದಿತ್ತು. ಈ ಪಾತ್ರವನ್ನು ಮೆಚ್ಚುವುದೋ ಬೈಯುವುದೋ ಅಂತ ನನಗೆ ಇವತ್ತಿಗೂ ಗೊಂದಲ. ಧ್ವನಿಯ ಆ ತೊದಲು, ಹುಡುಗರ ಮೇಲಿನ ಆ ವಿಚಿತ್ರ ಮುದ್ದು, ಇದೆಲ್ಲ ನಟನದ್ದು. ಮೂಗು ಮಾತ್ರ ನಟನೆಯನ್ನು ನುಂಗಿ ಹಾಕಿದೆ.

ಇನ್ನು ಎಲ್ಲರೂ ಕಾಯುತ್ತಿರುವ ಎಂಟು ಪಾತ್ರ. ‘ಕೈಂಡ್ ಹಾರ್ಟ್ಸ್ ಅಂಡ್ ಕರೊನೆಟ್ಸ್’, 1949. ಈಲಿಂಗ್ ಸ್ಟುಡಿಯೊ, ನಿರ್ದೇಶಕ ರಾಬರ್ಟ್ ಹ್ಯಾಮರ್. ಡಾಸ್ಕಾಯ್ನ್ ಅನ್ನುವುದು ಒಂದು ದೊಡ್ಡ ಶ್ರೀಮಂತ ಮನೆತನ. ಆ ಮನೆಯ ಮಗಳು ಇಟಾಲಿಯನ್ ಹಾಡುಗಾರನೊಬ್ಬನನ್ನು ಮದುವೆಯಾದಳೆಂದು ಮನೆಯವರು ಹೊರಗೆ ಹಾಕುತ್ತಾರೆ. ಅವಳು ಸತ್ತಾಗ ಮನೆತನದ ಸಮಾಧಿಯಲ್ಲಿ ಜಾಗವನ್ನೂ ಕೊಡುವುದಿಲ್ಲ. ಅವಳ ಮಗ ಲೂಯಿ ಹಟ ಹಿಡಿದು, ಪಟ್ಟಕ್ಕೂ ತನಗೂ ನಡುವೆ ಇರುವವರನ್ನು ಒಬ್ಬೊಬ್ಬರನ್ನಾಗಿ ಮುಗಿಸುತ್ತಾ ಹೋಗುತ್ತಾನೆ. ಲೂಯಿ ಆಗಿ ಡೆನಿಸ್ ಪ್ರೈಸ್. ಆ ಎಂಟು ಡಾಸ್ಕಾಯ್ನ್‌ಗಳೂ ಗಿನ್ನೆಸ್. ಮೊದಲು ನಾಲ್ಕು ಪಾತ್ರಕ್ಕೆ ಕರೆದಿದ್ದರಂತೆ. ನಾಲ್ಕೇ ಯಾಕೆ, ಎಂಟೂ ಇರಲಿ ಅಂದವರು ಗಿನ್ನೆಸ್.

ಒಬ್ಬ ಪಾದ್ರಿ, ಒಬ್ಬ ಬ್ಯಾಂಕರ್, ಒಬ್ಬ ಜನರಲ್, ಒಬ್ಬ ಅಡ್ಮಿರಲ್, ಫೋಟೊ ಹುಚ್ಚಿನ ಒಬ್ಬ ತರುಣ. ಮಹಿಳೆಯರ ಮತದಾನಕ್ಕೆ ಹೋರಾಡುವ ಲೇಡಿ ಅಗಾಥ ಕೂಡ ಇವರೇ. ಆಕೆ ಬಲೂನಿನಲ್ಲಿ ಲಂಡನ್ ಮೇಲೆ ಹಾರುತ್ತಾ ಕರಪತ್ರ ಚೆಲ್ಲುತ್ತಿರುವಾಗ ಲೂಯಿ ಕಿಟಕಿಯಲ್ಲಿ ನಿಂತು ಬಾಣ ಬಿಡುತ್ತಾನೆ. ಫೋಟೊ ತೆಗೆಯುವ ತರುಣನಿಗೆ ತೋಟದ ತುದಿಯಲ್ಲೊಂದು ಡಾರ್ಕ್‌ರೂಮ್. ಹೆಂಡತಿಗೆ ಮದ್ಯ ಕಂಡರಾಗದು, ಹಾಗಾಗಿ ಇವನ ಬಾಟಲಿಗಳೆಲ್ಲ ಅಲ್ಲೇ. ಲೂಯಿ ದೀಪದ ಎಣ್ಣೆ ಜಾಗಕ್ಕೆ ಪೆಟ್ರೋಲ್ ಹಾಕಿ ಬಂದಿರುತ್ತಾನೆ. ಆಮೇಲೆ ಅವನ ಹೆಂಡತಿಯ ಜೊತೆ ತೋಟದಲ್ಲಿ ಕೂತು ಚಹಾ ಕುಡಿಯುತ್ತಾ ಮರ್ಯಾದೆಯ ಮಾತಾಡುತ್ತಿದ್ದರೆ, ಹಿಂದೆ ಗೋಡೆಯಾಚೆ ಸದ್ದಾಗಿ ಹೊಗೆ ಏಳುತ್ತದೆ. ಲೂಯಿ ಮಾತು ನಿಲ್ಲಿಸುವುದಿಲ್ಲ.

ಅಡ್ಮಿರಲ್‌ದು ನನಗೆ ಅಚ್ಚುಮೆಚ್ಚು. ತಾನೇ ತಪ್ಪು ಆಜ್ಞೆ ಕೊಟ್ಟು ತನ್ನ ಹಡಗನ್ನು ಇನ್ನೊಂದು ಹಡಗಿಗೆ ಗುದ್ದಿಸುತ್ತಾನೆ. 1893ರಲ್ಲಿ ಬ್ರಿಟಿಷ್ ನೌಕಾಪಡೆಯಲ್ಲಿ ಹೀಗೆ ನಿಜವಾಗಿಯೂ ಆಗಿತ್ತು, ಎಚ್‌ಎಂಎಸ್ ವಿಕ್ಟೋರಿಯಾ ಮುಳುಗಿದ್ದು ಹಾಗೆಯೇ. ಚಿತ್ರದ ಅಡ್ಮಿರಲ್ ಸೆಲ್ಯೂಟ್ ಹೊಡೆದು ನಿಂತೇ ಮುಳುಗುತ್ತಾನೆ. ನೀರು ಎದೆಗೆ ಬರುತ್ತೆ, ಗಡ್ಡಕ್ಕೆ ಬರುತ್ತೆ, ತಲೆ ಮುಚ್ಚುತ್ತೆ. ಟೋಪಿ ಮಾತ್ರ ತೇಲುತ್ತೆ. ಮುಖದ ಒಂದು ನರವೂ ಅಲುಗುವುದಿಲ್ಲ.

ಆರು ಡಾಸ್ಕಾಯ್ನ್‌ಗಳು ಒಟ್ಟಿಗೆ ಚರ್ಚಿನಲ್ಲಿ ಕೂತಿರುವ ಒಂದು ಶಾಟ್ ಇದೆ. ಇವತ್ತಾದರೆ ಕಂಪ್ಯೂಟರ್ ಮುಂದೆ ಒಂದು ಮಧ್ಯಾಹ್ನದ ಕೆಲಸ. ಆಗ ಛಾಯಾಗ್ರಾಹಕ ಡಗ್ಲಸ್ ಸ್ಲೊಕೊಂಬ್ ಏನು ಮಾಡಿದರು ಗೊತ್ತಾ? ಕ್ಯಾಮೆರಾ ಒಂದು ಕೂದಲೆಳೆಯೂ ಅಲುಗದ ಹಾಗೆ ಬಿಗಿದರು. ಲೆನ್ಸ್ ಮುಂದೆ ಕಪ್ಪು ಮರೆ ಇಟ್ಟು, ಒಬ್ಬ ಗಿನ್ನೆಸ್ ಕೂರುವಷ್ಟು ಜಾಗ ಮಾತ್ರ ತೆರೆದರು. ಆ ಪಾತ್ರ ತೆಗೆದು, ಫಿಲ್ಮನ್ನು ಹಿಂದಕ್ಕೆ ಸುತ್ತಿ, ಮರೆ ಬದಲಿಸಿದರು. ಅಷ್ಟರಲ್ಲಿ ಗಿನ್ನೆಸ್ ಹೋಗಿ ಮುಂದಿನ ವೇಷ ಕಟ್ಟಿಕೊಂಡು ಬರಬೇಕು. ಹೀಗೆ ಆರು ಸಲ, ಅದೇ ಫಿಲ್ಮಿನ ಮೇಲೆ. ಐದನೆಯದು ಕೆಟ್ಟರೆ ನಾಲ್ಕೂ ಹೋದ ಹಾಗೆ. ರಾತ್ರಿ ಯಾರಾದರೂ ಕ್ಯಾಮೆರಾ ಮುಟ್ಟಿಬಿಟ್ಟರೆ ಅಂತ ಸ್ಲೊಕೊಂಬ್ ಸ್ಟುಡಿಯೊದಲ್ಲೇ ಮಲಗಿದರಂತೆ.

ಈ ಚಿತ್ರದಲ್ಲಿ ಮೇಕಪ್ ಜಾಸ್ತಿ ಅಂದುಕೊಳ್ಳುತ್ತೇವೆ. ಸರಿಯಾಗಿ ನೋಡಿ. ಮೀಸೆ, ಗಡ್ಡ, ವಿಗ್ ಇದೆ, ಅಷ್ಟೇ. ಫ್ಯಾಗಿನ್‌ಗೆ ಅಂಟಿಸಿದ ಹಾಗೆ ಏನೂ ಅಂಟಿಸಿಲ್ಲ. ಎಂಟು ಜನ ಬೇರೆಯಾಗಿ ಕಾಣುವುದು ನಿಲ್ಲುವ ರೀತಿಯಿಂದ, ಕುತ್ತಿಗೆ ಹಿಡಿಯುವ ರೀತಿಯಿಂದ. ಯಕ್ಷಗಾನದ ಚೌಕಿಯಲ್ಲಿ ಕೂತು ನೋಡಿದವರಿಗೆ ಇದು ಗೊತ್ತಿರುತ್ತೆ. ಮುಖಕ್ಕೆ ಬಣ್ಣ ಪೂರ್ತಿಯಾದರೂ ಆ ಮನುಷ್ಯ ಬೀಡಿ ಸೇದುತ್ತಾ ಕೂತಿರುವವರೆಗೆ ಅವನು ನಮ್ಮ ಪಕ್ಕದೂರಿನವನೇ. ಗೆಜ್ಜೆ ಕಟ್ಟಿ ಎದ್ದು ಎರಡು ಹೆಜ್ಜೆ ಹಾಕಿದನೋ, ಆಗ ಬೇರೆ.

ಗಿನ್ನೆಸ್‌ಗೂ ನಡಿಗೆಯೇ ಬೀಗದ ಕೈ. ಬೀದಿಯಲ್ಲಿ ಯಾರೋ ಅಪರಿಚಿತರ ಹಿಂದೆ ಹಿಂದೆ ಹೋಗಿ ಅವರ ನಡಿಗೆ ಕದಿಯುವ ಅಭ್ಯಾಸ ಅವರಿಗಿತ್ತು. ಇದನ್ನು ನಾನೂ ಒಮ್ಮೆ ಮೆಜೆಸ್ಟಿಕ್‌ನಲ್ಲಿ ಮಾಡಿ ನೋಡಿದೆ. ಆ ಮನುಷ್ಯ ತಿರುಗಿ ‘ಏನ್ರೀ ಬೇಕು?’ ಅಂದ. ಎಲ್ಲರಿಗೂ ಆಗುವ ಕೆಲಸ ಅಲ್ಲ.

ಐವತ್ತರ ದಶಕದ ಮೊದಲ ಅರ್ಧ ಈಲಿಂಗ್‌ನ ನಗೆಚಿತ್ರಗಳದ್ದು. ‘ದಿ ಲ್ಯಾವೆಂಡರ್ ಹಿಲ್ ಮಾಬ್’ನಲ್ಲಿ ಚಿನ್ನ ಸಾಗಿಸುವ ಬ್ಯಾಂಕಿನ ಬಡ ಗುಮಾಸ್ತ, ಅದೇ ಚಿನ್ನ ಕದಿಯುತ್ತಾನೆ. ‘ದಿ ಮ್ಯಾನ್ ಇನ್ ದಿ ವೈಟ್ ಸೂಟ್’ನಲ್ಲಿ ಎಂದೂ ಹರಿಯದ, ಕೊಳೆಯಾಗದ ಬಟ್ಟೆ ಕಂಡುಹಿಡಿಯುವ ವಿಜ್ಞಾನಿ. ಗಿರಣಿ ಮಾಲೀಕರೂ ಕಾರ್ಮಿಕರೂ ಒಟ್ಟಾಗಿ ಅವನನ್ನು ಅಟ್ಟಿಸಿಕೊಂಡು ಬರುತ್ತಾರೆ. ಎರಡೂ 1951ರವು. 1955ರ ‘ದಿ ಲೇಡಿಕಿಲ್ಲರ್ಸ್’ನಲ್ಲಿ ಮತ್ತೆ ಮುಖಕ್ಕೆ ಅಂಟಿಸಿಕೊಂಡರು, ದೊಡ್ಡ ಹಲ್ಲುಸೆಟ್ಟು. ಚಿತ್ರ ಮಜವಾಗಿದೆ. ಹಲ್ಲು ಮಾತ್ರ ಸ್ವಲ್ಪ ಜಾಸ್ತಿಯಾಯಿತು ಅಂತ ನನ್ನ ಅನಿಸಿಕೆ.

ಈ ನಡುವೆ ಒಂದು ಘಟನೆ. 1954ರಲ್ಲಿ ಬಂದ ‘ಫಾದರ್ ಬ್ರೌನ್’ ಚಿತ್ರೀಕರಣಕ್ಕೆ ಫ್ರಾನ್ಸಿನ ಬರ್ಗಂಡಿಯಲ್ಲಿದ್ದರು. ಒಂದು ಸಂಜೆ ಪಾದ್ರಿಯ ನಿಲುವಂಗಿಯಲ್ಲೇ ಬಿಡಾರಕ್ಕೆ ನಡೆದು ಹೋಗುತ್ತಿದ್ದರು. ಗುರುತಿಲ್ಲದ ಪುಟ್ಟ ಹುಡುಗನೊಬ್ಬ ಓಡಿ ಬಂದು ಕೈ ಹಿಡಿದುಕೊಂಡ. ಫ್ರೆಂಚಿನಲ್ಲಿ ಏನೇನೋ ಹರಟುತ್ತಾ ಜೊತೆಗೇ ನಡೆದ. ತನ್ನ ಹರಕು ಫ್ರೆಂಚ್ ಕೇಳಿ ಮಗು ಹೆದರೀತು ಅಂತ ಗಿನ್ನೆಸ್ ಬಾಯಿ ಬಿಡಲಿಲ್ಲ. ದಾರಿ ಕವಲಾದ ಕಡೆ ಹುಡುಗ ಕೈ ಬಿಟ್ಟು ಓಡಿಹೋದ. ಬಟ್ಟೆ ನೋಡಿಯೇ ಒಂದು ಮಗು ಇಷ್ಟು ನಂಬಿತಲ್ಲ ಎಂಬುದು ಅವರನ್ನು ಕೊರೆಯುತ್ತಾ ಹೋಯಿತು. ಅದರ ಜೊತೆಗೆ ಮನೆಯಲ್ಲಿ ಮಗ ಮ್ಯಾಥ್ಯೂಗೆ ಪೋಲಿಯೊ ಬಂದಿತ್ತು. ಹುಡುಗ ಗುಣವಾದ. 1956ರಲ್ಲಿ ಗಿನ್ನೆಸ್ ಕ್ಯಾಥೊಲಿಕರಾದರು.

ಮಗನ ಕಾಯಿಲೆಯ ಮಾತು ಯಾಕೆ ತೆಗೆದೆ ಅಂದರೆ, ಅವರ ನಟನೆಯ ಅತ್ಯುತ್ತಮ ಅರ್ಧ ನಿಮಿಷ ಅಲ್ಲಿಂದ ಬಂದಿದೆ.

‘ದಿ ಬ್ರಿಡ್ಜ್ ಆನ್ ದಿ ರಿವರ್ ಕ್ವಾಯ್’, 1957. ಸಿಲೋನಿನ ಕಾಡಿನಲ್ಲಿ ತೆಗೆದದ್ದು, ಈಗಿನ ಶ್ರೀಲಂಕಾದ ಕಿತುಲ್‌ಗಲದಲ್ಲಿ. ಕರ್ನಲ್ ನಿಕಲ್ಸನ್ ಪಾತ್ರವನ್ನು ಗಿನ್ನೆಸ್ ಮೊದಲು ಬೇಡ ಅಂದಿದ್ದರು. ನಿರ್ದೇಶಕ ಲೀನ್ ಮನಸ್ಸಿನಲ್ಲೂ ಚಾರ್ಲ್ಸ್ ಲಾಟನ್ ಎಂಬ ಬೇರೆ ನಟ ಇದ್ದರು. ಹೀಗೆ ಅರೆಮನಸ್ಸಿನಲ್ಲಿ ಇಬ್ಬರೂ ಸೇರಿದರು, ಸೆಟ್ಟಿನಲ್ಲಿ ಜಗಳವೂ ಆಯಿತು. ನಿಕಲ್ಸನ್ ಎರಡನೇ ಮಹಾಯುದ್ಧದಲ್ಲಿ ಜಪಾನೀಯರ ಕೈಗೆ ಸೆರೆಸಿಕ್ಕ ಬ್ರಿಟಿಷ್ ಅಧಿಕಾರಿ. ಅಧಿಕಾರಿಗಳು ಕೂಲಿ ಕೆಲಸ ಮಾಡುವುದಿಲ್ಲ, ಅದು ನಿಯಮ ಅಂತ ಹಟ ಹಿಡಿಯುತ್ತಾನೆ. ಶಿಬಿರದ ಮುಖ್ಯಸ್ಥ ಸೈತೊ ಅವನನ್ನು ತಗಡಿನ ಪೆಟ್ಟಿಗೆಯಂಥ ಗೂಡಿಗೆ ತುಂಬಿ ಬಿಸಿಲಿಗೆ ಬಿಡುತ್ತಾನೆ.

ದಿನಗಳಾದ ಮೇಲೆ ಬಾಗಿಲು ತೆಗೆಯುತ್ತಾರೆ. ನಿಕಲ್ಸನ್ ಹೊರಗೆ ಬರುತ್ತಾನೆ. ಸೈತೊನ ಗುಡಿಸಿಲಿನವರೆಗೆ ನಡೆಯಬೇಕು. ಅವನ ಸೈನಿಕರೆಲ್ಲ ನೋಡುತ್ತಿದ್ದಾರೆ. ಬೆನ್ನು ನೆಟ್ಟಗೆ ಇಡಲು ನೋಡುತ್ತಾನೆ, ಸೊಂಟದ ಕೆಳಗೆ ಮಾತು ಕೇಳುತ್ತಿಲ್ಲ. ಮಂಡಿ ಹೊರಗೆ ಹೋಗುತ್ತೆ, ಪಾದ ಎಳೆಯುತ್ತೆ, ಆದರೆ ಮೇಲಿನ ಅರ್ಧ ದೇಹ ಪರೇಡ್ ಮಾಡುತ್ತಿದೆ. ಪೋಲಿಯೊದಿಂದ ಚೇತರಿಸಿಕೊಳ್ಳುತ್ತಿದ್ದಾಗ ಮ್ಯಾಥ್ಯೂ ಹಾಕುತ್ತಿದ್ದ ಹೆಜ್ಜೆಗಳವು. ತನ್ನ ಇಡೀ ವೃತ್ತಿಯಲ್ಲಿ ಮಾಡಿದ ಒಳ್ಳೆಯ ಕೆಲಸ ಇದೇ ಅಂತ ಗಿನ್ನೆಸ್ ಈ ನಡಿಗೆಯನ್ನು ಎಣಿಸುತ್ತಿದ್ದರು. ಮುಖಕ್ಕೆ ಏನೂ ಇಲ್ಲ, ಬೆವರು ಮತ್ತು ಧೂಳು. ಒಬ್ಬ ತಂದೆ ಮಗನ ನೋವನ್ನು ಹೀಗೆ ಬಳಸಿಕೊಳ್ಳಬಹುದಾ ಅಂತ ನನ್ನ ಹೆಂಡತಿ ಕೇಳಿದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಚಿತ್ರಕ್ಕೆ ಏಳು ಆಸ್ಕರ್ ಬಂದವು, ಒಂದು ಇವರಿಗೆ. 1959ರಲ್ಲಿ ‘ಸರ್’ ಪದವಿಯೂ ಬಂತು.

ಆಮೇಲೆ 1960ರ ‘ಟ್ಯೂನ್ಸ್ ಆಫ್ ಗ್ಲೋರಿ’. ಸಾಮಾನ್ಯ ಸೈನಿಕನಾಗಿ ಸೇರಿ ಮೇಲೆ ಬಂದ, ಕುಡುಕ, ಒರಟ ಸ್ಕಾಟಿಷ್ ಅಧಿಕಾರಿ. ನಿಕಲ್ಸನ್‌ಗೆ ಪೂರಾ ಉಲ್ಟಾ. ಇದನ್ನು ನೋಡದವರು ದಯವಿಟ್ಟು ನೋಡಿ. ‘ದಿ ಹಾರ್ಸಸ್ ಮೌತ್’ಗೆ ಚಿತ್ರಕಥೆಯನ್ನೂ ಬರೆದರು, ಅದಕ್ಕೂ ಆಸ್ಕರ್‌ಗೆ ಹೆಸರು ಹೋಗಿತ್ತು. 1962ರ ‘ಲಾರೆನ್ಸ್ ಆಫ್ ಅರೇಬಿಯಾ’ದಲ್ಲಿ ಅರಬ್ ರಾಜಕುಮಾರ ಫೈಸಲ್. ಜೋರ್ಡನ್‌ನಲ್ಲಿ ನಿಜವಾದ ಫೈಸಲ್‌ನನ್ನು ಕಂಡಿದ್ದ ಮುದುಕರು ಇವರನ್ನು ನೋಡಿ ಬೆರಗಾದರು ಅಂತ ಹೇಳುತ್ತಾರೆ. ಇರಬಹುದು. ಅದರ ಹಿಂದಿನ ವರ್ಷವೇ ‘ಎ ಮೆಜಾರಿಟಿ ಆಫ್ ಒನ್’ನಲ್ಲಿ ಜಪಾನಿ ವ್ಯಾಪಾರಿಯ ವೇಷ ಹಾಕಿದ್ದರಲ್ಲ, ಅದನ್ನು ನೋಡಿ ಯಾವ ಜಪಾನಿಯೂ ಬೆರಗಾಗಿರಲಾರ. ಅರವತ್ತು ಎಪ್ಪತ್ತರ ದಶಕದಲ್ಲಿ ಸಾಧಾರಣ ಚಿತ್ರಗಳೂ ಸಾಕಷ್ಟಿವೆ. ಒಂದರಲ್ಲಿ ಹಿಟ್ಲರ್ ಕೂಡ ಆದರು. ಅವುಗಳನ್ನು ದಾಟಿ ಹೋಗೋಣ.

‘ಸ್ಟಾರ್ ವಾರ್ಸ್’ ಬಗ್ಗೆ ಹೇಳದಿದ್ದರೆ ಇಲ್ಲಿರುವ ಹುಡುಗರು ಬಿಡುವುದಿಲ್ಲ. 1977. ಸಂಭಾಷಣೆ ಬರೀ ಕಸ ಅಂತ ಗಿನ್ನೆಸ್ ಪತ್ರಗಳಲ್ಲಿ ಗೊಣಗಿದ್ದಾರೆ. ಆದರೆ ಸಂಭಾವನೆಯ ಜೊತೆ ಗಳಿಕೆಯಲ್ಲಿ ಎರಡು ಪರ್ಸೆಂಟಿನಷ್ಟು ಪಾಲು ಬರೆಸಿಕೊಂಡಿದ್ದರು. ಜಾಣತನ. ಆ ಹಣ ಕೊನೆಯ ಕಾಲದವರೆಗೂ ಕಾಪಾಡಿತು. ಒಬ್ಬ ಹುಡುಗ ಬಂದು ಈ ಚಿತ್ರವನ್ನು ನೂರು ಸಲ ನೋಡಿದ್ದೇನೆ ಅಂದಾಗ, ಹಾಗಾದರೆ ಇನ್ನು ಮೇಲೆ ನೋಡುವುದಿಲ್ಲ ಅಂತ ಮಾತು ಕೊಡು ಅಂದರಂತೆ. ಹುಡುಗ ಅತ್ತುಬಿಟ್ಟ. ನನಗೆ ಇದು ತಮಾಷೆ ಅನ್ನಿಸುವುದಿಲ್ಲ, ಮುದುಕರ ಸಿಡುಕು ಅನ್ನಿಸುತ್ತೆ. ಇನ್ನೊಂದು ಮಾತು. ಇದರ ಮುಂದಿನ ಭಾಗದಲ್ಲಿ ಬರುವ ಉದ್ದ ಕಿವಿಯ ಕುಳ್ಳ ಗುರು ಯೋಡಾನ ಮುಖ ಮಾಡಿದವರು ಯಾರು? ಸ್ಟುವರ್ಟ್ ಫ್ರೀಬಾರ್ನ್. ಫ್ಯಾಗಿನ್‌ಗೆ ಮೂಗು ಅಂಟಿಸಿದ ಅದೇ ಕೈ.

ಈಗ ನನ್ನ ಮಾತಿನ ಮುಖ್ಯ ಜಾಗಕ್ಕೆ ಬಂದೆ. 1979, ಬಿಬಿಸಿ ಟೆಲಿವಿಷನ್, ‘ಟಿಂಕರ್ ಟೇಲರ್ ಸೋಲ್ಜರ್ ಸ್ಪೈ’. ಏಳು ಕಂತು. ಜಾನ್ ಲೆ ಕಾರೆ ಕಾದಂಬರಿ. ನಿವೃತ್ತ ಗೂಢಚಾರ ಜಾರ್ಜ್ ಸ್ಮೈಲಿ ತನ್ನ ಹಳೇ ಕಚೇರಿಯಲ್ಲಿ ಅಡಗಿರುವ ದ್ರೋಹಿಯನ್ನು ಹುಡುಕಬೇಕು.

ನನಗೆ ನಿಜವಾದ ಗೂಢಚಾರರನ್ನು ತೋರಿಸಿ ಅಂತ ಗಿನ್ನೆಸ್ ಲೆ ಕಾರೆಗೆ ದುಂಬಾಲು ಬಿದ್ದರು. ಬ್ರಿಟಿಷ್ ಬೇಹುಗಾರಿಕೆ ಸಂಸ್ಥೆಯ ಮುಖ್ಯಸ್ಥರಾಗಿದ್ದು ನಿವೃತ್ತರಾದ ಮಾರಿಸ್ ಓಲ್ಡ್‌ಫೀಲ್ಡ್ ಅವರನ್ನು ಲೆ ಕಾರೆ ಊಟಕ್ಕೆ ಕರೆದರು. ಗಿನ್ನೆಸ್ ಮಾತಾಡಿದ್ದು ಕಡಿಮೆ, ನೋಡಿದ್ದು ಜಾಸ್ತಿ. ಆತನ ಕೈಯಂಚಿನ ಗುಂಡಿ, ಕೊಡೆ, ನಡಿಗೆ. ಓಲ್ಡ್‌ಫೀಲ್ಡ್ ಹೋದ ಮೇಲೆ ಕೇಳಿದ ಪ್ರಶ್ನೆಗಳೂ ಅವೇ. ನಮ್ಮ ಗೂಢಚಾರರೆಲ್ಲ ಇಷ್ಟು ಸೊಗಸಿಲ್ಲದ ಗುಂಡಿ ಹಾಕುತ್ತಾರಾ? ವೈನ್ ಲೋಟದೊಳಗೆ ಬೆರಳಾಡಿಸುತ್ತಿದ್ದರಲ್ಲ, ವಿಷ ಇದೆಯಾ ಅಂತ ನೋಡುತ್ತಿದ್ದರಾ?

ಈ ಪಾತ್ರದಲ್ಲಿ ಅವರು ಮಾಡುವುದು ಬಹುಪಾಲು ಒಂದೇ ಕೆಲಸ, ಕೇಳಿಸಿಕೊಳ್ಳುವುದು. ಎದುರಿನವರು ಹತ್ತು ನಿಮಿಷ ಮಾತಾಡುತ್ತಾರೆ. ಸ್ಮೈಲಿ ಕೂತಿರುತ್ತಾರೆ. ದಪ್ಪ ಕನ್ನಡಕ. ಅದನ್ನು ತೆಗೆದು ಟೈ ತುದಿಯಿಂದ ಒರೆಸುತ್ತಾರೆ. ಕನ್ನಡಕ ಇಲ್ಲದ ಆ ಎರಡು ಕ್ಷಣ ಕಣ್ಣು ಬೆತ್ತಲೆಯಾದ ಹಾಗೆ ಕಾಣುತ್ತೆ. ಮತ್ತೆ ಹಾಕಿಕೊಂಡರೆ ಮುಗಿಯಿತು, ಒಳಗೆ ಯಾರೂ ಇಲ್ಲ. ಒಂದು ದೃಶ್ಯ ದೆಹಲಿಯ ಜೈಲಿನದು. ಸೋವಿಯತ್ ಗೂಢಚಾರ ಕಾರ್ಲಾನನ್ನು ಸ್ಮೈಲಿ ಒಲಿಸಿಕೊಳ್ಳಲು ನೋಡುತ್ತಾರೆ. ಕಾರ್ಲಾ ಆಗಿ ಪ್ಯಾಟ್ರಿಕ್ ಸ್ಟೀವರ್ಟ್, ಒಂದು ಮಾತೂ ಆಡುವುದಿಲ್ಲ. ಇಡೀ ಸರಣಿಯಲ್ಲಿ ಸುಮ್ನೆ ಕೂತು ಎದುರಿನವರಿಂದ ಮಾತು ಹೊರಡಿಸುವ ಸ್ಮೈಲಿಗೆ ಇಲ್ಲಿ ಇನ್ನೊಬ್ಬ ಮೌನಿ ಎದುರಾಗಿದ್ದಾನೆ. ಸ್ಮೈಲಿ ತಾನೇ ಮಾತಾಡುತ್ತಾ ಮಾತಾಡುತ್ತಾ ತನ್ನ ಹೆಂಡತಿಯ ವಿಷಯ ಬಿಟ್ಟುಕೊಡುತ್ತಾರೆ. ಅವಳು ಕೊಟ್ಟ ಸಿಗರೇಟ್ ಲೈಟರನ್ನೂ ಕಾರ್ಲಾ ಎತ್ತಿಕೊಂಡು ಹೋಗುತ್ತಾನೆ.

1982ರಲ್ಲಿ ‘ಸ್ಮೈಲೀಸ್ ಪೀಪಲ್’ ಬಂತು. ಗಿನ್ನೆಸ್ ಮುಖ ನೋಡಿದ ಮೇಲೆ ಸ್ಮೈಲಿ ನನ್ನ ಕೈತಪ್ಪಿ ಹೋದ ಅನ್ನುವ ಅರ್ಥದಲ್ಲಿ ಲೆ ಕಾರೆ ಹೇಳಿಕೊಂಡಿದ್ದಾರೆ. ಮೀಸೆಯಿಲ್ಲ, ವಿಗ್ ಇಲ್ಲ, ಅಂಟಿಸಿದ ಮೂಗಿಲ್ಲ. ಅರವತ್ತೈದು ದಾಟಿದ ಮನುಷ್ಯನ ಬೋಳು ತಲೆ ಮತ್ತು ಒಂದು ಕನ್ನಡಕ. ಎಂಟು ಡಾಸ್ಕಾಯ್ನ್‌ಗಳನ್ನು ಒಂದು ತಕ್ಕಡಿ, ಇದನ್ನು ಇನ್ನೊಂದು ತಕ್ಕಡಿಯಲ್ಲಿ ಇಟ್ಟರೆ ನನಗೆ ತೂಕ ಈ ಕಡೆಯೇ.

ಇದೆಲ್ಲ ಆದ ಮೇಲೆ ಅವರು ಬೆಂಗಳೂರಿಗೆ ಬಂದದ್ದು. ಇಷ್ಟು ದೂರ ಬಣ್ಣ ಒರೆಸಿಕೊಂಡು ಬಂದವರು ಎಪ್ಪತ್ತರ ಹೊಸ್ತಿಲಲ್ಲಿ ಮತ್ತೆ ಬಣ್ಣ ಹಚ್ಚಿಕೊಂಡರು. ಲೀನ್ ಜೊತೆ ಇದು ಆರನೆಯ ಚಿತ್ರ. ಲೀನ್‌ಗೆ ಇದೇ ಕೊನೆಯ ಚಿತ್ರವಾಯಿತು. ಗೋಡ್ಬೋಲೆ ಪಾತ್ರಕ್ಕೆ ಒಂದು ಕುಣಿತ ಇತ್ತು. ಗಿನ್ನೆಸ್ ಅದನ್ನು ಶ್ರದ್ಧೆಯಿಂದ ಕಲಿತರು. ಎಡಿಟಿಂಗ್‌ನಲ್ಲಿ ಲೀನ್ ಅದನ್ನು ಕತ್ತರಿಸಿದರು. ಪಾತ್ರದ ಇನ್ನೂ ಕೆಲವು ಭಾಗ ಹೋಯಿತು. ನಾಲ್ಕು ದಶಕದ ಸ್ನೇಹ ಹುಳಿಯಾಯಿತು. ಹೆಜ್ಜೆಯಿಂದ ಪಾತ್ರ ಹಿಡಿಯುವ ನಟನ ಹೆಜ್ಜೆಯನ್ನೇ ತೆಗೆದರೆ ಏನು ಉಳಿಯುತ್ತೆ? ಪೇಟ ಮತ್ತು ಕಂದು ಬಣ್ಣ. ನನಗೆ ಅಂದು ಕಸಿವಿಸಿಯಾದದ್ದು ಅದಕ್ಕೇ ಇರಬೇಕು.

ಇಷ್ಟು ಹೇಳಿ ಮುಗಿಸಿದಾಗ ಸಭೆಯಲ್ಲಿದ್ದ ಹಿರಿಯರೊಬ್ಬರು ಎದ್ದು ಕೇಳಿದರು: “ಅಲ್ಲಾ ಸಾರ್, ಆ ಪಾತ್ರಕ್ಕೆ ನಮ್ಮವರು ಯಾರೂ ಸಿಗಲಿಲ್ವಾ?”

ಸಿಗುತ್ತಿದ್ದರು ಸಾರ್. ಅದೇ ಚಿತ್ರದಲ್ಲಿ ವಿಕ್ಟರ್ ಬ್ಯಾನರ್ಜಿ ಇದ್ದಾರೆ, ಸಯೀದ್ ಜಾಫ್ರಿ ಇದ್ದಾರೆ, ರೋಶನ್ ಸೇಠ್ ಇದ್ದಾರೆ. ಮೂವರೂ ಚೆನ್ನಾಗಿ ಮಾಡಿದ್ದಾರೆ. ಅವರ ನಡುವೆ ನಿಂತಾಗಲೇ ಗಿನ್ನೆಸ್ ಬಣ್ಣ ಎದ್ದು ಕಾಣುವುದು. 1962ರಲ್ಲಿ ಫೈಸಲ್ ಆಗಿ ದಕ್ಕಿಸಿಕೊಂಡದ್ದನ್ನು 1984ರಲ್ಲಿ ದಕ್ಕಿಸಿಕೊಳ್ಳಲು ಆಗಲಿಲ್ಲ. ಕಾಲ ಬದಲಾಗಿತ್ತು. ಇಬ್ಬರು ಹಳೇ ಗೆಳೆಯರಿಗೆ ಅದು ಗೊತ್ತಾಗಲಿಲ್ಲ ಅಂತ ಕಾಣುತ್ತೆ.

ಇನ್ನೊಬ್ಬರು, ಕಾಲೇಜಿನ ಹುಡುಗಿ, ಕೇಳಿದಳು: “ಹಾಗಾದ್ರೆ ಅದರಲ್ಲಿ ನಿಮಗೆ ಏನೂ ಇಷ್ಟ ಆಗ್ಲಿಲ್ವಾ?”

ಒಂದು ಇದೆಯಮ್ಮ. ಪ್ರೊಜೆಕ್ಟರ್ ಇದ್ದಿದ್ದರೆ ಅದನ್ನೇ ಹಾಕುತ್ತಿದ್ದೆ. ಪೆಗ್ಗಿ ಆಶ್‌ಕ್ರಾಫ್ಟ್ ಮಾಡಿರುವ ಮುದುಕಿ ಶ್ರೀಮತಿ ಮೂರ್ ಊರು ಬಿಟ್ಟು ಹೋಗುತ್ತಾರೆ. ರಾತ್ರಿ, ರೈಲು ನಿಲ್ದಾಣ. ರೈಲು ಕದಲುವಾಗ ಕಿಟಕಿಯಿಂದ ಆಕೆಗೆ ಗೋಡ್ಬೋಲೆ ಕಾಣುತ್ತಾರೆ. ಮಾತಿಲ್ಲ. ಎರಡೂ ಕೈ ಮೇಲೆತ್ತಿ ಮುಗಿಯುತ್ತಾರೆ, ಬೀಳ್ಕೊಡುಗೆಯೋ ಪೂಜೆಯೋ ಹೇಳಲಾಗದ ಹಾಗೆ. ಆಕೆ ಇನ್ನು ಬದುಕುವುದಿಲ್ಲ ಅಂತ ಅವರಿಗೆ ಮೊದಲೇ ಗೊತ್ತಿರುವ ಹಾಗೆ. ಆ ಕತ್ತಲಲ್ಲಿ ಮುಖದ ಬಣ್ಣ ಕಾಣುವುದಿಲ್ಲ.